ಲಾರಿ ಕ್ಯಾಬಿನ್ನಿನಲ್ಲಿ ಬಾಟಲಿ: ಡ್ಯೂಟಿ ಮುಗಿದ ಮೇಲೂ ಬೇಡ

ಸಂಪಾದಕರಿಗೆ,

ಮಾನ್ಯರೇ,

ಕುಡಿದು ಗಾಡಿ ಓಡಿಸಬಾರದು ಎಂಬುದನ್ನು ಈಗ ಯಾವ ಲಾರಿ ಚಾಲಕನಿಗೂ ಹೇಳಿಕೊಡಬೇಕಿಲ್ಲ. ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಾಗಲಿ, ಚಿತ್ರದುರ್ಗ ಬೈಪಾಸಿನ ಡಾಬಾಗಳ ಮುಂದಾಗಲಿ ವಾದ ಏಳುವುದು ಅದರ ಮುಂದಿನ ಮಾತಿಗೆ. ಗಾಡಿ ಸೈಡಿಗೆ ಹಾಕಿ, ಕೈಕಾಲು ತೊಳೆದು, ಮಲಗುವ ಮುಂಚೆ ಒಂದು ಕ್ವಾರ್ಟರ್ ಕುಡಿಯಲೆಂದು ಕ್ಯಾಬಿನ್ನಿನಲ್ಲಿ ಬಾಟಲಿ ಇಟ್ಟುಕೊಂಡರೆ ತಪ್ಪೇನು? ಡ್ಯೂಟಿ ಮುಗಿದಿದೆ, ಯಾರಿಗೂ ತೊಂದರೆಯಿಲ್ಲ, ದುಡ್ಡು ಅವನದು. ಈ ಪ್ರಶ್ನೆಗೆ ಲಾರಿ ಕೆಲಸದಲ್ಲಿರುವ ನಮ್ಮ ಉತ್ತರ ಸ್ಪಷ್ಟ: ಬೇಡ. ಆದರೆ ಬೇಡ ಎಂದು ಹೇಳಿ ಕೈತೊಳೆದುಕೊಳ್ಳುವ ಮಾಲೀಕರ ಪರವಾಗಿಯೂ ನಾವು ಬರೆಯುತ್ತಿಲ್ಲ.

ಚಾಲಕ ವಯಸ್ಸಿಗೆ ಬಂದವನು, ದುಡಿದು ತಿನ್ನುವವನು, ಬಿಡುವಿನ ಹೊತ್ತಿನಲ್ಲಿ ಏನು ಮಾಡಬೇಕೆಂದು ಇನ್ನೊಬ್ಬರು ಹೇಳಬೇಕಿಲ್ಲ ಎಂಬ ಮಾತಿನಲ್ಲಿ ನ್ಯಾಯವಿದೆ. ಆಫೀಸಿನ ನೌಕರ ಸಂಜೆ ಮನೆಗೆ ಹೋಗಿ ಎರಡು ಪೆಗ್ ಕುಡಿದರೆ ಯಾರೂ ಕೇಳುವುದಿಲ್ಲ. ಆದರೆ ಅವನು ಆಫೀಸಿಗೆ ಬೀಗ ಹಾಕಿ ಮನೆಗೆ ಹೋಗಿರುತ್ತಾನೆ. ಲಾರಿ ಚಾಲಕ ಎಲ್ಲಿಗೂ ಹೋಗಿರುವುದಿಲ್ಲ. ಅವನು ಮಲಗುವ ಜಾಗ ಸೀಟಿನ ಹಿಂದಿನ ಹಲಗೆ, ತಲೆದಿಂಬಿನ ಪಕ್ಕ ಕೀಲಿ, ಕಾಲ ಬಳಿ ಬ್ರೇಕ್ ಪೆಡಲ್. ರಾತ್ರಿ ಡೀಸೆಲ್ ಕಳ್ಳರು ಟ್ಯಾಂಕಿನ ಮುಚ್ಚಳ ಮುರಿಯದಂತೆ, ಬ್ಯಾಟರಿ ಬಿಚ್ಚಿಕೊಂಡು ಹೋಗದಂತೆ, ತಾಡಪಾಲಿನ ಹಗ್ಗ ಕೊಯ್ದು ಚೀಲ ಎಳೆಯದಂತೆ ನೋಡಿಕೊಳ್ಳಬೇಕಾದವನೂ ಅವನೇ. ಮಾಲೀಕರ ಲೆಕ್ಕದಲ್ಲಿ ಅವನು ಆಗ ವಿಶ್ರಾಂತಿಯಲ್ಲಿದ್ದಾನೆ. ವಾಸ್ತವದಲ್ಲಿ ಅವನು ಸಂಬಳವಿಲ್ಲದ ಕಾವಲುಗಾರ.

ಅಷ್ಟೇ ಅಲ್ಲ, ಯಾವ ಕ್ಷಣದಲ್ಲಾದರೂ ಅವನನ್ನು ಎಬ್ಬಿಸುತ್ತಾರೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಯಾರ್ಡಿನೊಳಗೆ ಗಾಡಿಗಳು ಒಂದರ ಹಿಂದೊಂದು ನಿಂತಿರುತ್ತವೆ. ರಾತ್ರಿ ಒಂದು ಗಂಟೆಗೆ ಒಂದು ಲೋಡ್ ಮುಗಿದರೆ ಹಿಂದಿನ ನಾಲ್ಕು ಗಾಡಿಗಳು ಜರುಗಬೇಕು. 'ಸ್ವಲ್ಪ ಮುಂದಕ್ಕೆ ತಗೊಳ್ಳಪ್ಪ' ಎಂದು ಹಮಾಲರು ಬಾಗಿಲು ಬಡಿಯುತ್ತಾರೆ. ಡಾಬಾದಲ್ಲೂ ಇದೇ ಕತೆ. ಇಪ್ಪತ್ತು ಮೀಟರ್ ತಾನೇ ಎಂದು ಕೆಳಗಿಳಿದು ಹಿಂದೆ ಮುಂದೆ ನೋಡದೆ, ಕ್ಲೀನರ್‌ನನ್ನೂ ಎಬ್ಬಿಸದೆ, ರಿವರ್ಸ್ ಹಾಕುತ್ತಾರೆ. ಯಾರ್ಡಿನಲ್ಲಿ ಚೀಲಗಳ ಪಕ್ಕ, ಗಾಡಿಯ ನೆರಳಿನಲ್ಲಿ, ಕೆಲವೊಮ್ಮೆ ಗಾಡಿಯ ಕೆಳಗೇ ಜನ ಮಲಗಿರುತ್ತಾರೆ. ಹೆದ್ದಾರಿಯ ಅಪಘಾತ ಪತ್ರಿಕೆಯಲ್ಲಿ ಬರುತ್ತದೆ. ಯಾರ್ಡಿನಲ್ಲಿ ಕಾಲ ಮೇಲೆ ಚಕ್ರ ಹತ್ತಿದ್ದು ಬರುವುದಿಲ್ಲ. ಕುಡಿದು ಓಡಿಸುವುದನ್ನು ಅಪರಾಧವೆನ್ನುವ ಮೋಟಾರು ವಾಹನ ಕಾಯ್ದೆಯ 185ನೇ ಕಲಂ 'ಓಡಿಸುವುದು ಅಥವಾ ಓಡಿಸಲು ಯತ್ನಿಸುವುದು' ಎಂದು ಹೇಳುತ್ತದೆ. ಇಷ್ಟು ಮೀಟರ್‌ಗಿಂತ ಹೆಚ್ಚು ಓಡಿಸಿದರೆ ಮಾತ್ರ ತಪ್ಪು ಎಂದು ಎಲ್ಲೂ ಹೇಳಿಲ್ಲ.

ಇನ್ನು ಗಂಟೆಯ ಲೆಕ್ಕ. ಚಾಲಕರಲ್ಲೂ ಮಾಲೀಕರಲ್ಲೂ ಹೆಚ್ಚಿನವರು ತಪ್ಪು ತಿಳಿದಿರುವುದು ಇಲ್ಲೇ, ಹಾಗಾಗಿ ಬಿಡಿಸಿ ಬರೆಯುತ್ತೇವೆ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂಡಿಯಲ್ಲಿ ಆಲ್ಕೋಹಾಲ್ ಶೇ 42.8ರಷ್ಟು. 180 ಮಿ.ಲೀ. ಕ್ವಾರ್ಟರಿನಲ್ಲಿ 77 ಮಿ.ಲೀ. ಶುದ್ಧ ಆಲ್ಕೋಹಾಲ್ ಇರುತ್ತದೆ, ತೂಕದಲ್ಲಿ ಸುಮಾರು 60 ಗ್ರಾಂ. 65 ಕಿಲೋ ತೂಕದ ಗಂಡಸಿನ ಮೈಯಲ್ಲಿ ಅದು ಪೂರ್ತಿ ಸೇರಿದರೆ 100 ಮಿ.ಲೀ. ರಕ್ತಕ್ಕೆ ಸುಮಾರು 140 ಮಿಲಿಗ್ರಾಂ ಆಗುತ್ತದೆ. ಕಾನೂನಿನ ಮಿತಿ 30 ಮಿಲಿಗ್ರಾಂ. ಯಕೃತ್ತು ಗಂಟೆಗೆ ಸರಾಸರಿ 15 ಮಿಲಿಗ್ರಾಂ ಇಳಿಸುತ್ತದೆ, ಕೆಲವರಲ್ಲಿ 10, ಕೆಲವರಲ್ಲಿ 20. ರಾತ್ರಿ 10ಕ್ಕೆ ಕುಡಿಯಲು ಕೂತವನು ಬೆಳಗಿನ ಜಾವ 4ಕ್ಕೆ ಎದ್ದು ಸ್ಟಾರ್ಟ್ ಮಾಡಿದರೆ ಆರು ಗಂಟೆಯಲ್ಲಿ ಇಳಿದಿರುವುದು 90, ಉಳಿದಿರುವುದು 50. ಅಂದರೆ ನಿದ್ದೆ ಮಾಡಿ ಎದ್ದು, ಮುಖ ತೊಳೆದು, ಚಹಾ ಕುಡಿದು, ತಲೆ ಹಗುರವಾಗಿದೆ ಎಂದುಕೊಂಡು ದಾವಣಗೆರೆ ಸಮೀಪದ ಹೆಬ್ಬಾಳು ಟೋಲ್ ದಾಟುವ ಹೊತ್ತಿಗೂ ಅವನು ಮಿತಿಯ ಮೇಲೇ ಇದ್ದಾನೆ. 30ಕ್ಕೆ ಇಳಿಯಲು ಏಳು ಗಂಟೆಗೂ ಹೆಚ್ಚು ಬೇಕು, ಸೊನ್ನೆಗೆ ಒಂಬತ್ತು ದಾಟುತ್ತದೆ.

ಎರಡು ಕ್ವಾರ್ಟರ್ ಆದರೆ 280. ಅದೇ ರಾತ್ರಿ 10ಕ್ಕೆ ಕುಡಿಯಲು ಶುರು ಮಾಡಿದವನಲ್ಲಿ ಬೆಳಿಗ್ಗೆ 7ಕ್ಕೆ ಇನ್ನೂ 145 ಇರುತ್ತದೆ, ಮಧ್ಯಾಹ್ನ 12ಕ್ಕೆ 70. ಪೂರ್ತಿ ಇಳಿಯುವುದು ಸಂಜೆ ಸುಮಾರು ನಾಲ್ಕೂವರೆಗೆ. 'ನಿನ್ನೆ ರಾತ್ರಿ ಕುಡಿದಿದ್ದು ಸಾರ್, ಇವತ್ತು ಹನಿ ಮುಟ್ಟಿಲ್ಲ' ಎಂದು ಮಧ್ಯಾಹ್ನ ಸಿಕ್ಕಿಬಿದ್ದ ಚಾಲಕ ಹೇಳುವುದು ಎಷ್ಟೋ ಸಲ ನಿಜ. ನಿಜವಾದರೂ ಅವನು ಅಪರಾಧಿಯೇ. ಬೀರ್ ಲೈಟು ಎಂದು ನಂಬುವವರೂ ಇದ್ದಾರೆ. ಶೇ 8ರ ಸ್ಟ್ರಾಂಗ್ ಬೀರಿನ 650 ಮಿ.ಲೀ. ಬಾಟಲಿ ಒಂದರಲ್ಲಿ 41 ಗ್ರಾಂ ಆಲ್ಕೋಹಾಲ್ ಇದೆ. ಅದೇ ತೂಕದವನಿಗೆ 95 ಮಿಲಿಗ್ರಾಂ, ಮಿತಿಗೆ ಇಳಿಯಲು ನಾಲ್ಕು ಗಂಟೆಯ ಮೇಲೆ. 90 ಮಿ.ಲೀ.ನ ಚಿಕ್ಕ ಪ್ಯಾಕೆಟ್ ಕೂಡ ಸುಮಾರು 70ಕ್ಕೆ ಏರಿಸುತ್ತದೆ. ತೆಳ್ಳಗಿನ ಮೈಕಟ್ಟಿನ, 50 ಕಿಲೋದ ಕ್ಲೀನರ್ ಹುಡುಗನಿಗೆ ಈ ಅಂಕಿಗಳೆಲ್ಲ ಇನ್ನೂ ಮೇಲೆ. ಚಾಲಕ ಮಲಗಿದಾಗ ಗಾಡಿ ಜರುಗಿಸುವವನು ಎಷ್ಟೋ ಸಲ ಅವನೇ.

ಮಂಡಕ್ಕಿ, ಮಿರ್ಚಿ, ಮಾಂಸದೂಟ ಹೊಟ್ಟೆಯಲ್ಲಿದ್ದರೆ ಏರುವುದು ನಿಧಾನ ಆಗುತ್ತದೆ, ಒಳಗೆ ಹೋದ ಆಲ್ಕೋಹಾಲ್ ಎಲ್ಲಿಗೂ ಹೋಗುವುದಿಲ್ಲ. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರು ಸ್ನಾನ, ವಾಂತಿ, ಇವು ಯಾವುವೂ ಯಕೃತ್ತಿನ ವೇಗವನ್ನು ಹೆಚ್ಚಿಸುವುದಿಲ್ಲ. ಏಲಕ್ಕಿ, ಈರುಳ್ಳಿ, ಪಾನ್ ಬಾಯಿಯ ವಾಸನೆ ಮುಚ್ಚಬಹುದು. ಪೊಲೀಸರು ಊದಿಸುವ ಯಂತ್ರ ಅಳೆಯುವುದು ಶ್ವಾಸಕೋಶದ ಆಳದಿಂದ ಬರುವ ಗಾಳಿಯನ್ನು.

ಮಿತಿ 30 ಎಂದರೆ 29 ಸುರಕ್ಷಿತ ಎಂದಲ್ಲ. ಹತ್ತಾರು ಟನ್ ಹೊತ್ತ ಗಾಡಿ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಎದುರಿನ ಕೆಂಪು ದೀಪ ನಿಂತ ಗಾಡಿಯದೋ ಓಡುತ್ತಿರುವ ಗಾಡಿಯದೋ ಎಂದು ತಿಳಿಯಲು ಅರ್ಧ ಸೆಕೆಂಡ್ ತಡವಾದರೆ ಬ್ರೇಕ್ ಮೇಲೆ ಕಾಲಿಡುವ ಮೊದಲೇ 11 ಮೀಟರ್ ಕಳೆದಿರುತ್ತದೆ. ಭರಮಸಾಗರ, ಆನಗೋಡು, ಐಮಂಗಲದ ಬಳಿ ರಾತ್ರಿ ಹೊತ್ತು ಇಂಡಿಕೇಟರ್ ಇಲ್ಲದೆ ರಸ್ತೆಯಂಚಿಗೆ ನಿಂತ ಗಾಡಿಗಳನ್ನು ಕಂಡವರಿಗೆ ಈ 11 ಮೀಟರಿನ ಬೆಲೆ ಗೊತ್ತು.

ನಿದ್ದೆ ಚೆನ್ನಾಗಿ ಬರುತ್ತದೆ ಎಂಬುದು ಕ್ಯಾಬಿನ್ ಬಾಟಲಿಯ ಪರವಾಗಿ ಹೇಳುವ ಇನ್ನೊಂದು ಮಾತು. ಬೇಗ ಬರುತ್ತದೆ ನಿಜ. ಆದರೆ ಆಲ್ಕೋಹಾಲ್ ಇಳಿಯುತ್ತಾ ಬಂದಂತೆ ರಾತ್ರಿಯ ಎರಡನೆಯ ಅರ್ಧದಲ್ಲಿ ನಿದ್ದೆ ಒಡೆಯುತ್ತದೆ, ಗಂಟಲು ಒಣಗುತ್ತದೆ, ಮೂತ್ರಕ್ಕೆ ಏಳಬೇಕಾಗುತ್ತದೆ, ಗೊರಕೆ ಇದ್ದವರಿಗೆ ಉಸಿರು ಕಟ್ಟುವುದು ಹೆಚ್ಚುತ್ತದೆ. ಹೀಗೆ ಆರು ಗಂಟೆ ಮಲಗಿದವನು ನಾಲ್ಕು ಗಂಟೆ ಮಲಗಿದವನಂತೆ ಏಳುತ್ತಾನೆ. ಬೆಳಗಿನ ಜಾವ 2ರಿಂದ 6ರವರೆಗೆ ಕುಡಿಯದವನಿಗೂ ಕಣ್ಣು ಎಳೆಯುವ ಹೊತ್ತು. ರಕ್ತದಲ್ಲಿ ಉಳಿದ 50 ಮಿಲಿಗ್ರಾಂ, ಅರೆನಿದ್ದೆ, ಆ ಹೊತ್ತು, ಮೂರೂ ಒಟ್ಟಿಗೆ ಸೇರುವುದು ಇಲ್ಲೇ. ಶೀತಕ್ಕೋ ತುರಿಕೆಗೋ ನಿದ್ದೆ ಬರಿಸುವ ಮಾತ್ರೆ ನುಂಗಿದ್ದರಂತೂ ಕೇಳಲೇಬೇಡಿ.

ಬಾಟಲಿ ಎಂಬ ವಸ್ತುವಿನ ಅಪಾಯವೂ ಬೇರೆ ಇದೆ. ಕ್ವಾರ್ಟರ್ ಬಾಟಲಿಯನ್ನು ಸಾಮಾನ್ಯವಾಗಿ ಸೀಟಿನ ಕೆಳಗೆ, ಬಾಗಿಲ ಜೇಬಿನಲ್ಲಿ, ಇಲ್ಲವೇ ಹಾಸಿಗೆಯ ಮಡಿಕೆಯಲ್ಲಿ ತುರುಕುತ್ತಾರೆ. ಜೋರಾಗಿ ಬ್ರೇಕ್ ಹಾಕಿದಾಗ ಅದು ಉರುಳಿ ಪೆಡಲಿನ ಅಡಿಗೆ ಸೇರುತ್ತದೆ. ಅಡ್ಡ ಸಿಕ್ಕಿಕೊಂಡರೆ ಪೆಡಲ್ ಪೂರ್ತಿ ಒತ್ತಲಾಗುವುದಿಲ್ಲ. ಖಾಲಿ ಬಾಟಲಿ, ನೀರಿನ ಬಾಟಲಿ, ಚಪ್ಪಲಿ, ಯಾವುದಾದರೂ ಸರಿ, ಚಾಲಕನ ಕಾಲ ಬಳಿ ಸಡಿಲ ವಸ್ತು ಇರಬಾರದು ಎಂದು ಕಲಿಕೆಯ ಮೊದಲ ದಿನ ಹೇಳಿಕೊಡುವುದು ಇದಕ್ಕೇ. ಇನ್ನು ಬೆಂಕಿ. ಈ ಪ್ರಮಾಣದ ಆಲ್ಕೋಹಾಲ್ ಇರುವ ಮದ್ಯದಿಂದ ಸುಮಾರು 25–26 ಡಿಗ್ರಿ ಉಷ್ಣಾಂಶದಲ್ಲೇ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗಾಜು ಏರಿಸಿ ಬಿಸಿಲಿನಲ್ಲಿ ನಿಂತ ಕ್ಯಾಬಿನ್ 50 ಡಿಗ್ರಿ ದಾಟುತ್ತದೆ. ಹಾಸಿಗೆ ಮೇಲೆ ಚೆಲ್ಲಿದ ಮದ್ಯ, ಪಕ್ಕದಲ್ಲಿ 5 ಕಿಲೋ ಸಿಲಿಂಡರಿನ ಒಲೆ, ಬೀಡಿ. ಹೀಗಿರುವಾಗ ಏನಾಗಬಹುದೆಂದು ವಿವರಿಸಬೇಕಿಲ್ಲ. ಪೆಟ್ರೋಲ್, ಗ್ಯಾಸ್ ಟ್ಯಾಂಕರುಗಳಲ್ಲಿ ಇದರ ಚರ್ಚೆಯೇ ಏಳಬಾರದು.

ಊರು ಬಿಟ್ಟು ಹೊರಗೆ ಹೋಗುವವರಿಗೆ ಗಡಿಯ ಕಾನೂನು ಇನ್ನೂ ಬಿಗಿ. ಭೀಮಸಮುದ್ರ, ಚನ್ನಗಿರಿ ಕಡೆಯಿಂದ ಅಡಿಕೆ ಹೊತ್ತ ಗಾಡಿಗಳು ಗುಜರಾತಿಗೆ ಹೋಗುತ್ತವೆ. ದಾವಣಗೆರೆ ಪಕ್ಕದಲ್ಲಿ ಹಾಯುವ ಇದೇ 48ನೇ ಹೆದ್ದಾರಿ ಪುಣೆ, ಮುಂಬೈ ದಾಟಿ ವಾಪಿಯ ಬಳಿ ಗುಜರಾತ್ ಹೊಕ್ಕು ದೆಹಲಿಯವರೆಗೆ ಹೋಗುತ್ತದೆ. ಗುಜರಾತಿನಲ್ಲಿ ರಾಜ್ಯ ಹುಟ್ಟಿದ 1960ರಿಂದಲೂ ಪಾನನಿಷೇಧವಿದೆ, ಬಿಹಾರದಲ್ಲಿ 2016ರ ಏಪ್ರಿಲ್‌ನಿಂದ. ಹುಬ್ಬಳ್ಳಿಯಲ್ಲಿ ಬಿಲ್ ಕೊಟ್ಟು ಕೊಂಡ ಬಾಟಲಿ, ಸೀಲ್ ಒಡೆಯದ ಬಾಟಲಿ, ಊರಿಗೆ ವಾಪಸ್ ಬಂದ ಮೇಲೆ ಕುಡಿಯಲು ಇಟ್ಟ ಬಾಟಲಿ, ಇವು ಯಾವ ಸಮಜಾಯಿಷಿಯೂ ಅಲ್ಲಿ ನಡೆಯುವುದಿಲ್ಲ. ಚಾಲಕ ಜೈಲಿಗೆ, ಗಾಡಿ ಠಾಣೆಯ ಅಂಗಳಕ್ಕೆ. ಒಳಗಿರುವ ಲೋಡ್ ಯಾರದ್ದೋ. ಗೋವಾದಿಂದ ಬರುವಾಗ ಅಗ್ಗದ ಬಾಟಲಿ ತರುವ ಚಾಳಿ ಇದೆ. ಆ ಬಾಟಲಿಯ ಮೇಲೆ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾಗಿರುತ್ತದೆ, ಪರವಾನಗಿಯಿಲ್ಲದೆ ಕರ್ನಾಟಕದೊಳಗೆ ತಂದರೆ ಅಬಕಾರಿ ಕೇಸು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಆಂಧ್ರಕ್ಕೆ ಹೋಗುವವರಿಗೂ ನಮ್ಮ ರಾಜ್ಯದ ಚೀಟಿ ಅಂಟಿಸಿದ ಬಾಟಲಿ ಆ ಗಡಿಯಲ್ಲಿ ಅದೇ ತೊಂದರೆ ತರುತ್ತದೆ. ನಮ್ಮ ರಾಜ್ಯದೊಳಗೇ ಆದರೂ ರಸ್ತೆಬದಿ, ಡಾಬಾ ಅಂಗಳದಲ್ಲಿ ಕೂತು ಕುಡಿದರೆ ಅಬಕಾರಿ ಕಾಯ್ದೆಯ 15(ಎ) ಕಲಂ ಇದೆ. ಡಾಬಾ ಮಾಲೀಕನಿಗೂ ಅದರ ಬಿಸಿ ತಟ್ಟುತ್ತದೆ.

ಹೆಚ್ಚು ಜನ ಯೋಚಿಸದ ವಿಷಯ ಇನ್ನೊಂದಿದೆ. ಚಾಲಕ ಒಂದು ಹನಿಯೂ ಕುಡಿದಿಲ್ಲ, ಹಿಂದಿನಿಂದ ಬೈಕ್ ಬಂದು ಗುದ್ದಿತು ಎಂದಿಟ್ಟುಕೊಳ್ಳಿ. ಪೊಲೀಸರು ಮಹಜರು ಮಾಡುವಾಗ ಕ್ಯಾಬಿನ್ನಿನಲ್ಲಿ ಅರ್ಧ ಖಾಲಿಯಾದ ಬಾಟಲಿ ಸಿಕ್ಕರೆ ಅದರ ಫೋಟೊ ಕಡತ ಸೇರುತ್ತದೆ, ಸುತ್ತ ಸೇರಿದ ಜನರ ಮೊಬೈಲಿಗೂ ಸೇರುತ್ತದೆ. ವಿಮೆ ಪಾಲಿಸಿಯಲ್ಲಿ ಚಾಲಕ ಮದ್ಯದ ಅಮಲಿನಲ್ಲಿದ್ದರೆ ಗಾಡಿಯ ಸ್ವಂತ ನಷ್ಟ ಕೊಡುವುದಿಲ್ಲ ಎಂಬ ಷರತ್ತು ಇರುತ್ತದೆ. ಉಸಿರು ಪರೀಕ್ಷೆ ಆಗಿಲ್ಲದಿದ್ದರೂ ಬೇರೆ ಸಂದರ್ಭ ಸಾಕ್ಷ್ಯಗಳಿಂದ ಕಂಪನಿ ಅದನ್ನು ಸಾಧಿಸಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಮೂರನೆಯವರಿಗೆ ಕೊಟ್ಟ ಪರಿಹಾರವನ್ನು ಮಾಲೀಕನಿಂದ ವಸೂಲಿ ಮಾಡಲು ಕಂಪನಿ ಮುಂದಾಗಬಹುದು. ಒಂದೇ ಗಾಡಿ ಇಟ್ಟುಕೊಂಡು ಕಂತು ಕಟ್ಟುತ್ತಿರುವ ಮಾಲೀಕ ಇದರಿಂದ ಮೇಲೇಳುವುದಿಲ್ಲ.

ಕುಡಿಯದ ಚಾಲಕ ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ರಕ್ತ ಪರೀಕ್ಷೆಗೆ ತಾನೇ ಒತ್ತಾಯಿಸಬೇಕು. ಮೋಟಾರು ವಾಹನ ಕಾಯ್ದೆಯ 185ರಡಿ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರ ಮುಂದೆ ಹಾಜರುಪಡಿಸಬೇಕು, ಇಲ್ಲವಾದರೆ ಬಿಡುಗಡೆ ಮಾಡಬೇಕು ಎಂದು ಅದೇ ಕಾಯ್ದೆಯ 202ನೇ ಕಲಂ ಹೇಳುತ್ತದೆ. ದಾವಣಗೆರೆಯಲ್ಲಾದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ರಕ್ತ ತೆಗೆಯುವಾಗ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಬಾರದು, ಸೋಪು ನೀರಿನಿಂದಲೋ ಆಲ್ಕೋಹಾಲ್ ಇಲ್ಲದ ದ್ರಾವಣದಿಂದಲೋ ಒರೆಸಬೇಕು. ಸೀಸೆಯಲ್ಲಿ ಸೋಡಿಯಂ ಫ್ಲೋರೈಡ್ ಇರಬೇಕು, ಇಲ್ಲದಿದ್ದರೆ ಇಟ್ಟ ರಕ್ತದಲ್ಲಿ ಸೂಕ್ಷ್ಮಜೀವಿಗಳಿಂದ ಆಲ್ಕೋಹಾಲ್ ಪ್ರಮಾಣ ಬದಲಾಗಬಹುದು. ಸೀಸೆಯ ಮೇಲೆ ಸಮಯ ಬರೆದು, ಮುಚ್ಚಳಕ್ಕೆ ಸೀಲ್ ಹಾಕಿದ್ದನ್ನು ಕಣ್ಣಾರೆ ನೋಡಿ. ರಸ್ತೆಯಲ್ಲಿ ಊದಿಸುವಾಗಲೂ ಹೊಸ ನಳಿಕೆ ಕೇಳುವ ಹಕ್ಕು ನಿಮಗಿದೆ. ಕೆಮ್ಮಿನ ಔಷಧಿ, ಬಾಯಿ ಮುಕ್ಕಳಿಸುವ ದ್ರಾವಣ ಈಗಷ್ಟೇ ಬಳಸಿದ್ದರೆ ಹೇಳಿ, 15 ನಿಮಿಷ ಬಿಟ್ಟು ಮತ್ತೆ ಊದಿ. ಬಾಯಿಯಲ್ಲಿ ಉಳಿದ ಆಲ್ಕೋಹಾಲ್ ಅಷ್ಟರಲ್ಲಿ ಹೋಗಿರುತ್ತದೆ, ರಕ್ತದಲ್ಲಿದ್ದರೆ ಹೋಗುವುದಿಲ್ಲ.

ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದು ಗೊತ್ತಿರುವುದೇ. ಮೊದಲ ಸಲ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಎರಡನೆಯ ಸಲ 15,000 ದಂಡ, ಎರಡು ವರ್ಷದವರೆಗೆ ಜೈಲು ಅಥವಾ ಎರಡೂ. ಲೈಸೆನ್ಸ್ ಕನಿಷ್ಠ ಮೂರು ತಿಂಗಳು ಅಮಾನತು. ಚಳ್ಳಕೆರೆಯಿಂದ ಈರುಳ್ಳಿ ಹೊತ್ತ ಗಾಡಿ ಬೇರೆ ಚಾಲಕ ಸಿಗುವವರೆಗೆ ಠಾಣೆಯ ಮುಂದೆ ನಿಂತರೆ ಮಾಲು ಕೊಳೆಯುವ ನಷ್ಟ ಇದರಲ್ಲಿ ಸೇರಿಲ್ಲ.

ಈಗ ಮಾಲೀಕರ ಪಾಲಿಗೆ ಬರೋಣ. ಬಾಟಲಿ ಕ್ಯಾಬಿನ್ನಿಗೆ ಬಂದು ಸೇರುವುದಕ್ಕೆ ಕಾರಣಗಳಿವೆ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಬೇಡ ಎಂದಿತು. 20,000ಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಕಡೆ ಆ ಅಂತರ 220 ಮೀಟರಿಗೆ ಇಳಿಯಿತು, ನಗರಸಭೆ ವ್ಯಾಪ್ತಿಗೆ ಮುಂದೆ ವಿನಾಯಿತಿಯೂ ಸಿಕ್ಕಿತು. ಆದೇಶದ ಉದ್ದೇಶ ಒಳ್ಳೆಯದೇ. ಆದರೆ ಅಂಗಡಿ ದೂರವಾದರೆ ದಿನವೂ ಕುಡಿಯುವವನು ಊರೊಳಗೆ ಸಿಕ್ಕಾಗಲೇ ಮೂರು ನಾಲ್ಕು ಕೊಂಡು ಗಾಡಿಯಲ್ಲಿ ಇಟ್ಟುಕೊಳ್ಳುತ್ತಾನೆ. ಅದನ್ನು ತಡೆಯಲು ಕೋರ್ಟಿನಿಂದ ಆಗುವುದಿಲ್ಲ, ಗಾಡಿ ಕೊಟ್ಟವನಿಂದ ಮಾತ್ರ ಆಗುತ್ತದೆ.

ಕುಡಿಯಲು ಚಾಲಕರು ಕೊಡುವ ಕಾರಣ ಮೈಕೈ ನೋವು, ಸೆಕೆ, ಸೊಳ್ಳೆ, ನಿದ್ದೆ ಬಾರದಿರುವುದು. ಇವು ಸುಳ್ಳು ಕಾರಣಗಳಲ್ಲ, ಪರಿಹಾರವೂ ದುಬಾರಿಯಲ್ಲ. ಲಾರಿಯ ಎರಡು ಬ್ಯಾಟರಿ ಸೇರಿ 24 ವೋಲ್ಟ್. 25 ವ್ಯಾಟಿನ ಕ್ಯಾಬಿನ್ ಫ್ಯಾನ್ ಒಂದು ಆಂಪಿಯರ್ ಮಾತ್ರ ಎಳೆಯುತ್ತದೆ, ಎಂಟು ಗಂಟೆಗೆ ಎಂಟು ಆಂಪಿಯರ್-ಅವರ್. ನೂರಕ್ಕೂ ಹೆಚ್ಚು ಆಂಪಿಯರ್-ಅವರ್ ಇರುವ ಒಳ್ಳೆಯ ಬ್ಯಾಟರಿ ಇದರಿಂದ ಇಳಿಯುವುದಿಲ್ಲ, ಬೆಳಿಗ್ಗೆ ಸೆಲ್ಫ್ ಹೊಡೆಯುತ್ತದೆ. ಫ್ಯಾನ್ ಬೇಡ, ಬ್ಯಾಟರಿ ಹಾಳು ಎನ್ನುವ ಮಾಲೀಕರು ಮೊದಲು ಟರ್ಮಿನಲ್ ತುಕ್ಕು ಉಜ್ಜಿಸಿ, ಆಲ್ಟರ್ನೇಟರ್ ಬೆಲ್ಟ್ ಬಿಗಿ ನೋಡಲಿ. ಎರಡೂ ಕಿಟಕಿಗೆ ಸೊಳ್ಳೆ ಪರದೆ, ದಪ್ಪನೆಯ ಹಾಸಿಗೆ, 20 ಲೀಟರ್ ನೀರಿನ ಕ್ಯಾನ್ ಕೊಡಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ 3.5 ಟನ್ ಮೀರಿದ ಸರಕು ವಾಹನಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ, ಸಂತೋಷ. ಆದರೆ ಎಂಜಿನ್ ಆಫ್ ಮಾಡಿದರೆ ಆ ಎಸಿಯೂ ಆಫ್. ರಸ್ತೆಯಲ್ಲಿರುವ ಹಳೆಯ ಗಾಡಿಗಳಿಗಂತೂ ಅದು ಅನ್ವಯಿಸುವುದಿಲ್ಲ.

ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಎಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಬರೆಯಿತು. ನಮ್ಮ ರಸ್ತೆಗಳಲ್ಲಿ ಒಬ್ಬನೇ ಚಾಲಕನಿಂದ ಹದಿನಾಲ್ಕು, ಹದಿನಾರು ಗಂಟೆ ಓಡಿಸಿಕೊಂಡು, ಅವನು ರಾತ್ರಿ ಏನು ಕುಡಿದ ಎಂದು ಬೆಳಿಗ್ಗೆ ಬೈಯುವ ಹಕ್ಕು ಮಾಲೀಕನಿಗಿಲ್ಲ. ಬಾಟಲಿ ಬೇಡ ಎನ್ನುವ ಮೊದಲು ಡ್ಯೂಟಿ ಎಲ್ಲಿ ಮುಗಿಯುತ್ತದೆ ಎಂದು ಗೆರೆ ಎಳೆಯಬೇಕು. ನಾವು ಒಪ್ಪುವ ಗೆರೆ ಕೀಲಿ. ಕೀಲಿ ಚಾಲಕನ ಬಳಿ ಇರುವವರೆಗೆ, ಗಾಡಿ ಓಡುತ್ತಿರಲಿ ನಿಂತಿರಲಿ, ಅವನು ಡ್ಯೂಟಿಯಲ್ಲಿದ್ದಾನೆ. ಆ ಹೊತ್ತಿಗೆ ಭತ್ಯೆ ಕೊಡಬೇಕು, ಕ್ಯಾಬಿನ್ನಿನಲ್ಲಿ ತೆರೆದದ್ದಾಗಲಿ ಸೀಲಾದದ್ದಾಗಲಿ ಮದ್ಯ ಇರಬಾರದು. ಕೀಲಿಯನ್ನು ಆಫೀಸಿನಲ್ಲಿ ಕೊಟ್ಟು, ರಿಜಿಸ್ಟರಿನಲ್ಲಿ ಸಮಯ ಬರೆದು ಹೊರಬಿದ್ದ ಮೇಲೆ ಅವನ ಸಮಯ ಅವನದು. ಮನೆಗೆ ಬಾಟಲಿ ಒಯ್ಯುವ ಆಸೆಯಿದ್ದರೆ ಆಗ ಊರಿನಲ್ಲೇ ಕೊಳ್ಳಲಿ. ಕುಡಿದಿದ್ದರೆ ಕೊನೆಯ ಗುಟುಕಿನಿಂದ 12 ಗಂಟೆ ಕೀಲಿ ಕೇಳಬಾರದು, ಮಾಲೀಕನೂ ಫೋನ್ ಮಾಡಿ ಕರೆಯಬಾರದು. ಒಂದು ಕ್ವಾರ್ಟರ್‌ವರೆಗೆ 12 ಗಂಟೆ ಹೆಚ್ಚಿನವರಿಗೆ ಸಾಕು. ಅದಕ್ಕಿಂತ ಹೆಚ್ಚಾದರೆ ಮೇಲಿನ ಲೆಕ್ಕ ನೋಡಿ 24 ಎಂದಿಟ್ಟುಕೊಳ್ಳುವುದೇ ಸರಿ.

ಬೇರೆ ದೇಶಗಳಲ್ಲಿ ಇದು ಹೊಸದಲ್ಲ. ಅಮೆರಿಕದಲ್ಲಿ ಸರಕು ವಾಹನದ ಚಾಲಕ ಡ್ಯೂಟಿಗೆ ನಾಲ್ಕು ಗಂಟೆ ಮುಂಚಿನಿಂದ ಕುಡಿಯುವಂತಿಲ್ಲ, ಡ್ಯೂಟಿಯಲ್ಲಿದ್ದಾಗ ಮದ್ಯ ಜೊತೆಗಿಟ್ಟುಕೊಳ್ಳುವಂತೆಯೂ ಇಲ್ಲ. ಲೋಡಾಗಿ ದಾಖಲೆಯೊಂದಿಗೆ ಸಾಗಿಸುವ ಮದ್ಯಕ್ಕೆ ಮಾತ್ರ ವಿನಾಯಿತಿ. ನಾಲ್ಕು ಗಂಟೆ ಸಾಲದು ಎಂದು ನಮ್ಮ ಅಭಿಪ್ರಾಯ, ಒಂದು ಸ್ಟ್ರಾಂಗ್ ಬೀರಿಗೇ ಅದು ಸಾಲುವುದಿಲ್ಲ. ಜಪಾನಿನಲ್ಲಿ 2011ರ ಮೇ ತಿಂಗಳಿಂದ ಸಾರಿಗೆ ಸಂಸ್ಥೆಗಳು ಚಾಲಕರ ಹಾಜರಿ ಹಾಕುವಾಗ ಊದುವ ಯಂತ್ರ ಬಳಸುವುದು ಕಡ್ಡಾಯವಾಯಿತು, ಹೊರಡುವಾಗಲೂ ವಾಪಸ್ ಬಂದಾಗಲೂ. ಇದನ್ನು ದಾವಣಗೆರೆಯ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ನಾಳೆಯೇ ಶುರು ಮಾಡಬಹುದು. ಯಂತ್ರ ಕೊಳ್ಳುವಾಗ ಫ್ಯುಯೆಲ್ ಸೆಲ್ ಸೆನ್ಸರ್ ಇರುವುದನ್ನೇ ಕೊಳ್ಳಿ. ಅಗ್ಗದ ಸೆಮಿಕಂಡಕ್ಟರ್ ಯಂತ್ರಗಳು ಸಿಗರೇಟ್ ಹೊಗೆಗೂ, ಹೊಟ್ಟೆ ಹಸಿದವರ ಮತ್ತು ಸಕ್ಕರೆ ಕಾಯಿಲೆಯವರ ಉಸಿರಿನ ಅಸಿಟೋನಿಗೂ ಅಂಕಿ ತೋರಿಸಬಲ್ಲವು. ಅವನ್ನು ನಂಬಿ ಚಾಲಕನ ದಿನದ ಕೂಲಿ ಕಳೆದರೆ ಅನ್ಯಾಯ. ತಯಾರಕರು ಹೇಳಿದ ಅವಧಿಗೆ ತಪ್ಪದೆ ಕ್ಯಾಲಿಬ್ರೇಷನ್ ಮಾಡಿಸಿ, ಒಬ್ಬೊಬ್ಬರಿಗೂ ನಳಿಕೆ ಬದಲಿಸಿ. ಅಂಕಿ ಬಂದರೆ 15 ನಿಮಿಷ ಕೂರಿಸಿ, ನೀರು ಮುಕ್ಕಳಿಸಲು ಕೊಟ್ಟು ಮತ್ತೆ ಊದಿಸಿ. ಆಗಲೂ ಬಂದರೆ ಆ ದಿನ ಗಾಡಿ ಇಲ್ಲ, ಅಷ್ಟೇ. ನಾಲ್ಕು ಜನರ ಮುಂದೆ ಬೈಗುಳ ಬೇಡ. ಬೈಗುಳಕ್ಕೆ ಹೆದರಿದವನು ಮುಂದಿನ ಸಲ ಆಫೀಸಿಗೆ ಬಾರದೆ ಯಾರ್ಡಿನಿಂದಲೇ ಹೊರಟುಬಿಡುತ್ತಾನೆ. ಗಾಡಿ ಓಡಿಸುವ ಮಾಲೀಕನ ಮಗನೂ ಅದೇ ಯಂತ್ರಕ್ಕೆ ಊದಬೇಕು.

ಎಪಿಎಂಸಿ ಸಮಿತಿಗಳೂ ಜಿಲ್ಲಾಡಳಿತವೂ ಮಾಡಬೇಕಾದದ್ದು ಒಂದೇ: ದಾವಣಗೆರೆ, ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರಿನಲ್ಲಿ ಚಾಲಕರಿಗೆ ಮಲಗಲು ಕೊಠಡಿ, ಸ್ನಾನಕ್ಕೆ ನೀರು, ಹೊರಗೆ ಗಾಡಿ ಕಾಯಲು ರಾತ್ರಿ ಕಾವಲು. ಕಾವಲಿದ್ದರೆ ಚಾಲಕ ಕ್ಯಾಬಿನ್ ಬಿಟ್ಟು ಮಲಗುತ್ತಾನೆ.

ಕೊನೆಯದಾಗಿ, ಇದನ್ನು ಜಾರಿಗೆ ತರುವವರು ತಿಳಿದಿರಲೇಬೇಕಾದ ಒಂದು ಅಪಾಯ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತಿದ್ದವನ ಬಾಟಲಿ ಕಿತ್ತುಕೊಂಡು ಮರುದಿನವೇ ಟ್ರಿಪ್ಪಿಗೆ ಕಳಿಸಬೇಡಿ. ಕುಡಿತ ನಿಂತ ಆರರಿಂದ 48 ಗಂಟೆಯೊಳಗೆ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಗೊಂದಲ, ಜ್ವರ ಬಂದರೆ ಜೀವಕ್ಕೇ ಅಪಾಯ. ಇಂಥವನು ಸ್ಟೇರಿಂಗ್ ಹಿಡಿದರೆ ಕುಡಿದವನಷ್ಟೇ ಭಯ. ಅವನನ್ನು ಮೊದಲು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಿರಿ. ಎಲ್ಲಿಂದಲಾದರೂ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿತ ಬಿಡಿಸುವ ಪುಡಿ ಎಂದು ಮಾರುವುದನ್ನು ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಮನೆಯವರಿಗೂ ಒಂದು ಮಾತು: ಅಂಥದ್ದರಲ್ಲಿ ಡೈಸಲ್ಫಿರಾಂ ಎಂಬ ಔಷಧಿ ಇದ್ದರೆ, ಅದು ಮೈಯಲ್ಲಿರುವಾಗ ಕುಡಿದವನಿಗೆ ಎದೆಬಡಿತ ಏರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೆದ್ದಾರಿಯಲ್ಲಿ ಹಾಗಾದರೆ ಹೋಗುವುದು ಅವನೊಬ್ಬನ ಜೀವವಲ್ಲ. ವೈದ್ಯರು ಬರೆದುಕೊಟ್ಟು, ಅವನಿಗೂ ತಿಳಿಸಿ ಕೊಡುವ ಔಷಧಿ ಬೇರೆ. ಚಿಕಿತ್ಸೆಯ ವಾರಗಳಲ್ಲಿ ಚಾಲಕನಿಗೆ ಗೋದಾಮಿನಲ್ಲೋ ಲೋಡಿಂಗ್ ಲೆಕ್ಕದಲ್ಲೋ ಕೆಲಸ ಕೊಟ್ಟು ಸಂಬಳ ನಿಲ್ಲಿಸದೆ ಇಟ್ಟುಕೊಂಡರೆ, ವೈದ್ಯರ ಚೀಟಿ ತಂದ ದಿನ ಅವನ ಕೈಗೆ ಮತ್ತೆ ಕೀಲಿ ಕೊಡಬಹುದು.

ಇತಿ,
ಕೆಲವು ಲಾರಿ ಮಾಲೀಕರು ಹಾಗೂ ಹಿರಿಯ ಚಾಲಕರು
ದಾವಣಗೆರೆ